ಎಲೆಯ ಅಚ್ಚು

ಒಳಕೋಣೆಯಲ್ಲಿ ಟ್ರಂಕನ್ನು ನೆಲದ ಮೇಲೆ ಎಳೆದ ಸದ್ದಾದಾಗ ಅವಳು ಬಟ್ಟೆಯ ಹೂವಿನ ಐದನೆಯ ಎಸಳನ್ನು ಆರನೆಯದಕ್ಕೆ ಕೂಡಿಸುತ್ತಿದ್ದಳು. ಸೂಜಿಯನ್ನು ಬಟ್ಟೆಯಲ್ಲೇ ನಿಲ್ಲಿಸಿ ಕಿವಿಗೊಟ್ಟಳು. ಮೊದಲು ಕೊಂಡಿ ತೆಗೆದದ್ದು, ಆಮೇಲೆ ಮುಚ್ಚಳ ಗೋಡೆಗೆ ತಗುಲಿದ್ದು, ಆಮೇಲೆ ಗಂಡನ ಕೆಮ್ಮು. ಕೆಮ್ಮು ನಿಲ್ಲುವವರೆಗೆ ಅವಳೂ ಉಸಿರು ಬಿಗಿಹಿಡಿದು ಕೂತಿದ್ದಳು. ನಿಂತ ಮೇಲೆ ಮತ್ತೆ ಬಟ್ಟೆಯತ್ತ ಬಗ್ಗಿದಳು. ಎಸಳಿನ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಎಳೆದ ಗೆರೆಯಿತ್ತು. ಹೊಲಿಗೆ ಆ ಗೆರೆಯ ಮೇಲೇ ಹೋಗಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಇಂಥ ಎಂಟು ಎಸಳು ಸುತ್ತ ಸೇರಿ, ನಡುವೆ ದುಂಡನೆಯ ಬಿಲ್ಲೆ ಕೂತು, ನಾಲ್ಕು ಮೂಲೆಗೆ ನಾಲ್ಕು ಎಲೆ ಬಂದರೆ ಒಂದು ಹೂವು, ಒಂದು ಚೌಕ. ಹದಿನಾರು ಚೌಕ ಸೇರಿದರೆ ಒಂದು ಹೊದಿಕೆ. ಇದು ಹದಿಮೂರನೆಯದು. ಇವತ್ತು ಹೊಲಿಯುವ ಮನಸ್ಸೇನೂ ಅವಳಿಗಿರಲಿಲ್ಲ. ಆದರೆ ಕೈಯಲ್ಲಿ ಕೆಲಸವಿಲ್ಲದೆ ಹೋದರೆ ತಾನೂ ಎದ್ದು ಹೋಗಿ ಅವನ ಜೊತೆ ಹುಡುಕಬೇಕಾಗುತ್ತಿತ್ತು. ನಿನ್ನೆ ಹಾಗೆ ಹುಡುಕಿಯೂ ಆಗಿತ್ತು. ಅಲಮಾರಿನ ಬಟ್ಟೆಯನ್ನೆಲ್ಲ ಮಂಚದ ಮೇಲೆ ಹರವಿ, ಒಂದೊಂದೇ ಮಡಿಕೆ ಬಿಡಿಸಿ, ಇಲ್ಲವಲ್ಲ ಎಂದು ತಲೆಯಾಡಿಸಿ, ಮತ್ತೆ ಮಡಿಸಿ ಇಟ್ಟಿದ್ದಳು. ಅವನು ಹುಡುಕುತ್ತಿದ್ದ ಎಕ್ಸ್‌ರೇ ಫಿಲ್ಮು ಆಗಲೂ ಈಗಲೂ ಅವಳ ಮಗ್ಗುಲಿನ ಬಿಸ್ಕತ್ತಿನ ಡಬ್ಬಿಯಲ್ಲೇ ಇತ್ತು: ಎಂಟು ಎಸಳು, ಒಂದು ಬಿಲ್ಲೆ, ಒಂದು ಎಲೆ. ಎರಡು ವರ್ಷದ ಹಿಂದೆ ಹೂವಿನ ಅಚ್ಚಿಗೆಂದು ಅವಳೇ ಕತ್ತರಿಸಿದ್ದು.

“ಇವಳೇ,” ಒಳಗಿನಿಂದ ಗಂಡನ ದನಿ ಬಂತು, “ಆ ಅಟ್ಟದ ಮೇಲಿನ ಪೆಟ್ಟಿಗೆ ನೋಡಿದ್ಯಾ?”

“ನೋಡಿದೀನಿ ರೀ. ಹಳೇ ಪಾತ್ರೆ ಬಿಟ್ರೆ ಅದರಲ್ಲಿ ಏನಿಲ್ಲ. ನೀವು ಸ್ಟೂಲ್ ಹತ್ಬೇಡಿ, ಆಮೇಲೆ ಉಸಿರು ಸಿಕ್ಕಲ್ಲ.”

“ಹತ್ತಲ್ಲ ಬಿಡು,” ಎಂದ. ಅದರ ಹಿಂದೆಯೇ ಸ್ಟೂಲು ಎಳೆದ ಸದ್ದು ಕೇಳಿಸಿತು.

ಹೋದ ವಾರ ಡಾಕ್ಟರಮ್ಮ ಹೊಸ ಫಿಲ್ಮನ್ನು ಗೋಡೆಯ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಬಲಗಡೆ ಮೇಲ್ಭಾಗದಲ್ಲಿ ಪೆನ್ನಿನ ತುದಿಯಿಂದ ಗಾಳಿಯಲ್ಲೇ ಒಂದು ಸುತ್ತು ಹಾಕಿ ತೋರಿಸಿದ್ದರು. ಬಟಾಣಿ ಕಾಳಿನಷ್ಟು ಬೆಳ್ಳಗಿನ ಕಲೆ. ಸ್ಕ್ಯಾನೂ ಆಗಿತ್ತು, ಅದರಲ್ಲೂ ಅಷ್ಟೇ ಕಂಡದ್ದು. “ಇದು ಯಾವಾಗಿನದು ಅನ್ನೋದೇ ಗೊತ್ತಾಗ್ಬೇಕು ಯಜಮಾನ್ರೇ. ಹತ್ತಿ ಮಿಲ್ಲಲ್ಲಿದ್ದೆ ಅಂತೀರಿ. ಎಂದೋ ಆದ ಗಾಯದ ಗುರುತೂ ಇರಬಹುದು. ಹಿಂದೆ ಯಾವತ್ತಾದ್ರೂ ಎಕ್ಸ್‌ರೇ ತೆಗೆಸಿದ್ರಾ? ಅದರಲ್ಲೂ ಇದೇ ಕಲೆ ಇಷ್ಟೇ ಇದ್ರೆ ಹೆದರೋದೇ ಬೇಡ, ಆರಾಮಾಗಿ ಮನೆಗೆ ಹೋಗಿ. ಇಲ್ದಿದ್ರೆ ಎದೆಗೆ ಸೂಜಿ ಹಾಕಿ ಒಂಚೂರು ತೆಗೆದು ನೋಡ್ಬೇಕಾಗುತ್ತೆ.” ಎದೆಗೆ ಸೂಜಿ ಎಂದ ಕೂಡಲೇ ಗಂಡನ ಕೈ ತಾನಾಗಿ ಅಂಗಿಯ ಗುಂಡಿಯ ಮೇಲೆ ಹೋಗಿತ್ತು. ಆಮೇಲೆ ಏನೋ ನೆನಪಾಗಿ ಅವನ ಮುಖ ಅರಳಿತು. “ಇದೆ, ಇದೆ. ಹತ್ತು ವರ್ಷದ ಹಿಂದೆ ಮಿಲ್ಲಲ್ಲಿ ಎಲ್ಲಾರ್ಗೂ ತೆಗೆಸಿದ್ರು. ಮನೇಲೇ ಇರ್ಬೇಕು,” ಎಂದವನು ಅವಳ ಕಡೆ ತಿರುಗಿ, “ಅಲ್ವೇನೇ?” ಎಂದ. ಅವಳಿಗೆ ಆಗ ಎರಡು ಉಸಿರಿನಷ್ಟು ಹೊತ್ತು ಸಿಕ್ಕಿತ್ತು. ಇಲ್ಲ, ಅದನ್ನ ನಾನು ಕತ್ತರಿಸಿಬಿಟ್ಟೆ ಎನ್ನಲು ಅಷ್ಟು ಹೊತ್ತು ಧಾರಾಳವಾಗಿ ಸಾಕು. ಹಾಗೆಂದಿದ್ದರೆ ಡಾಕ್ಟರಮ್ಮ ಹುಬ್ಬೇರಿಸುತ್ತಿದ್ದರು, ಗಂಡ ಬೆಪ್ಪಾಗಿ ನೋಡುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ಅವಳು “ನೋಡಿದ್ರಾಯ್ತು” ಎಂದಳು. ಆ ಎರಡು ಉಸಿರು ಕಳೆದ ಮೇಲೆ ಪ್ರತಿದಿನವೂ ಆ ಮಾತು ತೂಕ ಏರಿಸಿಕೊಳ್ಳುತ್ತ ಹೋಯಿತು. ಮೊದಲ ದಿನ ಕತ್ತರಿಸಿದ್ದನ್ನು ಮಾತ್ರ ಹೇಳಬೇಕಿತ್ತು. ಎರಡನೆಯ ದಿನಕ್ಕೆ ಕತ್ತರಿಸಿದ್ದನ್ನೂ ಮುಚ್ಚಿಟ್ಟದ್ದನ್ನೂ ಹೇಳಬೇಕು. ಈಗ ಅದರ ಮೇಲೆ ಇನ್ನೊಂದು ಸೇರಿತ್ತು, ಅದನ್ನು ನೆನೆಸಿಕೊಂಡರೆ ಅವಳ ಕಿವಿ ಬಿಸಿಯಾಗುತ್ತಿತ್ತು.

ಹತ್ತು ವರ್ಷದ ಹಿಂದೆ ಅವನು ಮಿಲ್ಲಿನಿಂದ ಕಂದು ಬಣ್ಣದ ದೊಡ್ಡ ಲಕೋಟೆ ಹಿಡಿದು ಬಂದಾಗ ಅವಳು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಅವನ ರೆಪ್ಪೆಯ ಮೇಲೆ ಎಂದಿನಂತೆ ಹತ್ತಿಯ ನವಿರು ಕೂತಿತ್ತು. ಫಿಲ್ಮನ್ನು ಹೊರಗೆಳೆದು ದೀಪಕ್ಕೆ ಹಿಡಿದು, “ನೋಡೇ, ನಿನ್ನ ಗಂಡನ ಒಳಗೆ ಏನಿದೆ ಅಂತ ಕೇಳ್ತಿದ್ಯಲ್ಲ. ಬರೀ ಎಲುಬು,” ಎಂದು ನಕ್ಕ. ಅವಳು ಈರುಳ್ಳಿಯ ಕಣ್ಣೀರಿನ ನಡುವೆಯೇ ತಲೆಯೆತ್ತಿ, ಹೂಂ ಎಂದು ಮತ್ತೆ ಬಗ್ಗಿದ್ದಳು. ಆಗ ಅವನು ಅದನ್ನು ಜೋಪಾನವಾಗಿ ಲಕೋಟೆಗೆ ಸೇರಿಸಿ ಅವಳ ಕಂಕುಳಿಗೇ ಸಿಕ್ಕಿಸಿದ. “ತಗೋ, ಇದು ನಿನ್ನ ಹತ್ರ ಇರಲಿ. ನನ್ನ ಹತ್ರ ಇದ್ರೆ ಕಳೀತೀನಿ.” ಹಾಗೆಂದು ಕೊಟ್ಟದ್ದು ಅವನಿಗೆ ಈಗ ಸುತರಾಂ ನೆನಪಿಲ್ಲ. ನೆನಪಿದ್ದರೆ ಒಂದೇ ಮಾತಿನಲ್ಲಿ, ನಿನಗೇ ಕೊಟ್ಟಿದ್ದೆನಲ್ಲ ಎಂದು ಕೇಳುತ್ತಿದ್ದ, ಅವಳೂ ಬಾಯಿಬಿಡುತ್ತಿದ್ದಳೇನೋ. ಅವನ ಮರೆವೇ ಅವಳಿಗೆ ಒದಗಿ ಬಂದಿತ್ತು. ಮಿಲ್ಲಿನಲ್ಲಿ ಅವನಿಗೆ ಛತ್ರಿ ಎಂದು ಹೆಸರಿಟ್ಟಿದ್ದರು, ಒಂದೇ ಮಳೆಗಾಲದಲ್ಲಿ ನಾಲ್ಕು ಕೊಡೆ ಕಳೆದವನೆಂದು. ಊಟದ ಡಬ್ಬಿ, ಕನ್ನಡಕ, ಕೈಗಡಿಯಾರ, ಒಮ್ಮೆ ಒಂದೇ ಕಾಲಿನ ಚಪ್ಪಲಿ. ಮದುವೆಯಾದ ಹೊಸತರಲ್ಲಿ, ಯಾರದೋ ಮನೆಗೆಂದು ಬಸ್ಸಿನಲ್ಲಿ ಹೊರಟವನು ತನ್ನ ಪಾಡಿಗೆ ತಾನು ಇಳಿದು ಹೋಗಿಬಿಟ್ಟಿದ್ದ, ಹೆಂಡತಿ ಮುಂದಿನ ಸೀಟಿನಲ್ಲಿದ್ದಾಳೆ ಎನ್ನುವುದನ್ನೇ ಮರೆತು. ಆ ಕತೆಯನ್ನು ಅವಳು ಮೂವತ್ತು ವರ್ಷದಿಂದ ಬಂದವರಿಗೆಲ್ಲ ಹೇಳಿದ್ದಾಳೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ತಗ್ಗಿಸಬೇಕು ಎಲ್ಲ ರೂಢಿಯಾಗಿತ್ತು. ಕೇಳಿದವರು ಹೊಟ್ಟೆ ಹಿಡಿದು ನಗುತ್ತಿದ್ದರು. ಅವನೂ ನಗುತ್ತಿದ್ದ, ತಲೆ ತಗ್ಗಿಸಿ, ಟೀ ಲೋಟದೊಳಗೆ ನೋಡುತ್ತ. ಆ ತಗ್ಗಿದ ತಲೆ ಅವಳ ಕಣ್ಣಿಗೆ ಬಿದ್ದದ್ದು ಈ ಒಂದು ವಾರದಲ್ಲಿ.

ಆರನೆಯ ಎಸಳು ಕೂಡಿತು. ಗಂಟು ಹಾಕಿ, ಹಲ್ಲಿನಿಂದ ದಾರ ಕಡಿದು, ಏಳನೆಯ ಎಸಳಿಗೆ ಬಟ್ಟೆ ತೆಗೆದಳು. ಸಣ್ಣ ಕೆಂಪು ಚುಕ್ಕೆಗಳ ಬಿಳಿ ಬಟ್ಟೆ, ಅವನ ಮಿಲ್ಲಿನದೇ, ಥಾನಿನ ಕೊನೆಯ ತುಂಡು. ಡಬ್ಬಿಯಿಂದ ಒಂದು ಎಸಳಿನ ಅಚ್ಚು ತೆಗೆದು ಬಟ್ಟೆಯ ಮೇಲಿಟ್ಟಳು. ಅಚ್ಚು ಗಾಜಿನ ಹಾಗೆ ಪಾರದರ್ಶಕ. ಕೆಳಗಿನ ಚುಕ್ಕೆ ನಿಚ್ಚಳವಾಗಿ ಕಾಣುತ್ತದೆ, ಎಸಳಿನ ನಟ್ಟನಡುವೆ ಒಂದು ಚುಕ್ಕೆ ಬರುವ ಹಾಗೆ ಸರಿಸಿ ಗೆರೆ ಎಳೆಯಬಹುದು. ಮೊದಲು ಅವಳ ಅಚ್ಚುಗಳೆಲ್ಲ ರಟ್ಟಿನವಾಗಿದ್ದವು, ಸಾಬೂನಿನ ಪೆಟ್ಟಿಗೆ ಕತ್ತರಿಸಿ ಮಾಡಿದವು. ಆಗ ಅವಳು ಪೇಟೆಯ ಒಂದು ಅಂಗಡಿಗೆ ಹೂವಿನ ಚೌಕ ಹೊಲಿದು ಕೊಡುತ್ತಿದ್ದಳು. ಒಂದು ದಿನ ಅಂಗಡಿಯಾಕೆ ಅವಳ ಚೌಕವನ್ನು ಗಾಜಿನ ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿದಳು. ಕೈ ತೆಗೆದ ಕೂಡಲೇ ಹೂವು ನಡುವಿನಲ್ಲಿ ಉಬ್ಬಿ ನಿಂತಿತು. “ನೋಡಿ ಅಮ್ಮಾ, ಕೂತಿಲ್ಲ ಇದು. ಎದ್ದಿದೆ.” ಪಕ್ಕದಲ್ಲಿ ಬೆಡ್‌ಶೀಟು ನೋಡುತ್ತಿದ್ದ ಇಬ್ಬರು ಹೆಂಗಸರು ಇತ್ತ ತಿರುಗಿದರು. ಅವರಿಗೂ ಕಾಣಲೆಂದೋ ಏನೋ ಅಂಗಡಿಯಾಕೆ ಇನ್ನೊಮ್ಮೆ ಒತ್ತಿದಳು, ಅದು ಇನ್ನೊಮ್ಮೆ ಎದ್ದಿತು. “ವಯಸ್ಸಾಯ್ತಲ್ಲ, ಕಣ್ಣು ಮೊದಲಿನ ಹಾಗೆ ಇರಲ್ಲ ಬಿಡಿ,” ಎಂದು ಆರಕ್ಕೆ ಆರನ್ನೂ ಚೀಲಕ್ಕೆ ತುಂಬಿ ಕೊಟ್ಟಳು, ನಗುತ್ತಲೇ. ಆ ನಗುವನ್ನು ಹೊತ್ತುಕೊಂಡು ಅವಳು ಮನೆಯವರೆಗೂ ನಡೆದೇ ಬಂದಿದ್ದಳು. ಬಂದವಳೇ ಹೂವನ್ನು ಬಿಚ್ಚಿ, ಎಸಳನ್ನು ಎಸಳಿನ ಮೇಲಿಟ್ಟು ನೋಡಿದಳು. ತಪ್ಪು ಅಚ್ಚಿನಲ್ಲಿತ್ತು. ರಟ್ಟು ಸವೆದಾಗಲೆಲ್ಲ ಅವಳು ಹಳೆಯ ರಟ್ಟನ್ನೇ ಹೊಸ ರಟ್ಟಿನ ಮೇಲಿಟ್ಟು ಸುತ್ತ ಗೆರೆ ಎಳೆದು ಕತ್ತರಿಸುತ್ತಿದ್ದಳು. ಪ್ರತಿಸಲವೂ ಎಸಳು ಪೆನ್ಸಿಲ್ಲಿನ ಗೆರೆಯ ದಪ್ಪದಷ್ಟು ಬೆಳೆಯುತ್ತಿತ್ತು. ಒಂದರಲ್ಲಿ ಅದು ಕಾಣದು. ಎಂಟು ಸೇರಿದಾಗ ಹೂವಿಗೆ ಕೂರಲು ಜಾಗ ಸಾಲದು. ಕಣ್ಣಿನ ಮೇಲೆ ಬಂದ ಅಪವಾದ ಸುಳ್ಳೆಂದು ಗೊತ್ತಾದರೂ ಅವಳ ಸಿಟ್ಟು ಇಳಿಯಲಿಲ್ಲ. ಸವೆಯದ ಅಚ್ಚು ಬೇಕು, ಇವತ್ತೇ ಬೇಕು. ಅಲಮಾರು ತೆಗೆದು, ತನ್ನ ಸೀರೆಗಳ ಅಡಿಯಿಂದ ಆ ಕಂದು ಲಕೋಟೆಯನ್ನು ಎಳೆದಳು.

ಕಿಟಕಿಗೆ ಹಿಡಿದು ನೋಡಿದ್ದು ಅವಳಿಗೆ ಚೆನ್ನಾಗಿ ನೆನಪಿದೆ. ಆದರೆ ಏನು ನೋಡಿದೆ? ಈ ವಾರವೆಲ್ಲ, ಪಾತ್ರೆ ತೊಳೆಯುವಾಗ, ಹಾಲು ಉಕ್ಕಿಬರುವಾಗ, ಅವಳು ಆ ಕಿಟಕಿಯ ಬೆಳಕಿಗೆ ಮರಳಿ ಹೋಗಿ ಕಣ್ಣು ಕಿರಿದು ಮಾಡಿ ನೋಡುತ್ತಾಳೆ: ಬಲಗಡೆ, ಮೇಲ್ಭಾಗ, ಒಂದು ಬಟಾಣಿ ಕಾಳು. ಇತ್ತು ಎನಿಸುತ್ತದೆ. ಇರಲಿಲ್ಲ ಎಂದೂ ಎನಿಸುತ್ತದೆ. ಅಂದು ಅವಳು ನೋಡಿದ್ದು ಎಂಟು ಎಸಳು ವ್ಯರ್ಥವಾಗದೆ ಎಲ್ಲೆಲ್ಲಿ ಕೂರುತ್ತವೆ ಎಂಬುದನ್ನು. ಎದುರಿಗಿದ್ದ ಎದೆ ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ. ಈ ಸಲ ಎಂಟನ್ನೂ ಬೇರೆ ಬೇರೆಯಾಗಿಯೇ ಕತ್ತರಿಸುತ್ತೇನೆ, ನೆಲದ ಮೇಲೆ ಸುತ್ತ ಜೋಡಿಸಿ, ಬಿರುಕು ಬಾರದೆ ಕೂಡುತ್ತದೋ ಇಲ್ಲವೋ ನೋಡಿಯೇಬಿಡುತ್ತೇನೆ ಎಂದುಕೊಂಡಿದ್ದಳು. ಕೂಡಿತ್ತು. ಮೇಲಿನ ಮನೆಯ ಟೀಚರು ಹೇಳಿಕೊಟ್ಟಂತೆ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸಿ ಉಜ್ಜಿದಳು. ಕಪ್ಪು ಬಿಡುತ್ತ ಹೋಯಿತು. ಗಂಡನ ಪಕ್ಕೆಲುಬುಗಳು ಒಂದೊಂದಾಗಿ ಬಚ್ಚಲಿಗೆ ಹರಿದವು. ಬಕೆಟ್ಟಿಗೆಲ್ಲ ಕಪ್ಪು ಹಿಡಿಯಿತಲ್ಲ ಎಂದು ಬೇಸರವಾದದ್ದು ಬಿಟ್ಟರೆ ಅವಳಿಗೆ ಬೇರೇನೂ ಅನಿಸಿರಲಿಲ್ಲ. ಮಿಲ್ಲು ಮುಚ್ಚಿ ವರ್ಷಗಳಾಗಿವೆ, ಇನ್ನು ಯಾರು ಕೇಳುತ್ತಾರೆ ಇದನ್ನು? ಎಂಟು ಎಸಳು ಉಜ್ಜಿ, ಬಿಲ್ಲೆ ಉಜ್ಜಿ, ಎಲೆಯ ಹೊತ್ತಿಗೆ ರಟ್ಟೆ ಸೋತಿತ್ತು. ಎಲೆಗೆ ಹೇಗೂ ಸಾದಾ ಹಸಿರು ಬಟ್ಟೆ, ಒಳಗೆ ನೋಡಿ ಚುಕ್ಕೆ ಕೂರಿಸುವ ಗೋಜಿಲ್ಲ. ಅದನ್ನು ಹಾಗೇ ಬಿಟ್ಟಳು. ಹಾಗಾಗಿ ಡಬ್ಬಿಯಲ್ಲಿ ಆ ಎಲೆಯೊಂದು ಮಾತ್ರ ಈಗಲೂ ಕಪ್ಪಗಿದೆ. ಒಂದು ತುದಿಯಲ್ಲಿ ಭುಜದ ಮೂಳೆಯ ಕೊನೆ, ಇನ್ನೊಂದು ತುದಿಯಲ್ಲಿ ಬಿಳಿಯ ಅಂಕೆ: ೪೧೭. ಮಿಲ್ಲಿನಲ್ಲಿ ಅವನ ಟೋಕನ್ ನಂಬರು.

“ಸಿಕ್ತು ಕಣೇ!”

ಅವಳ ಕೈಯಿಂದ ಪೆನ್ಸಿಲ್ಲು ಜಾರಿತು. ಗಂಡ ಬಾಗಿಲಲ್ಲಿ ನಿಂತಿದ್ದ, ಏದುಸಿರು ಬಿಡುತ್ತ, ತಲೆಯ ಮೇಲೆ ಜೇಡನ ಬಲೆಯ ಎಳೆ. ಕೈಯಲ್ಲಿ ಆ ಕಂದು ಲಕೋಟೆ. ಮಕ್ಕಳು ಬಹುಮಾನ ತಂದು ತೋರಿಸುವ ಹಾಗೆ ಅದನ್ನು ಎತ್ತಿ ಹಿಡಿದಿದ್ದ. “ಟ್ರಂಕಿನ ತಳದಲ್ಲೇ ಇತ್ತು ನೋಡು, ನನ್ನ ಯೂನಿಫಾರಂ ಕೆಳಗೆ. ಮೂರು ಸಲ ನೋಡಿದೀನಿ ಅದನ್ನ! ಕಣ್ಣಿಗೇ ಬಿದ್ದಿಲ್ಲ.” ಬೀಳುವುದು ಹೇಗೆ, ಅವಳು ಅಲ್ಲಿ ಇಟ್ಟದ್ದು ಮೊನ್ನೆ. ಮೊನ್ನೆ ಅವನು ಮಿಲ್ಲಿನ ಗೇಟಿಗೆ ಹೋಗಿದ್ದ, ದವಾಖಾನೆಯ ಕಡತದಲ್ಲಿ ಇನ್ನೊಂದು ಪ್ರತಿ ಇದ್ದೀತೆಂದು. ಕಾಗದಪತ್ರವೆಲ್ಲ ಎಂದೋ ರದ್ದಿಗೆ ಹೋಯಿತು ಎಂದು ಕಾವಲುಗಾರ ಕೂತಲ್ಲಿಂದಲೇ ಹೇಳಿ ಕಳಿಸಿದ್ದ. ಅಷ್ಟರಲ್ಲಿ ಅವಳು ಆ ಲಕೋಟೆಯಲ್ಲಿ ಇಟ್ಟುಕೊಂಡಿದ್ದ ಬಟ್ಟೆಯ ಚೂರುಗಳನ್ನೆಲ್ಲ ಕೊಡವಿ ತೆಗೆದು, ಖಾಲಿ ಲಕೋಟೆಯನ್ನು ಅವನ ಟ್ರಂಕಿನ ತಳಕ್ಕೆ ಸೇರಿಸಿದ್ದಳು. ಇದೊಂದು ಸಿಕ್ಕಿದರೆ ಹುಡುಕಾಟ ನಿಲ್ಲುತ್ತದೆ, ಸ್ಟೂಲು ಹತ್ತಿ ಇಳಿದು ಕೆಮ್ಮುವುದು ತಪ್ಪುತ್ತದೆ, ಅವನ ಒಳ್ಳೆಯದಕ್ಕೇ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಒಳ್ಳೆಯದಕ್ಕಂತೆ! ಹಿಂದೆಯೂ ಒಮ್ಮೆ ಹೀಗೇ ಮಾಡಿದ್ದಳು. ಬೀಗದಕೈ ಕಾಣದೆ ಅವನನ್ನು ಬೆಳಗಿನಿಂದ ಬೈದು ಬೈದು, ಮಧ್ಯಾಹ್ನ ಅದು ತನ್ನ ಹೊಲಿಗೆಯ ಡಬ್ಬಿಯಲ್ಲೇ ಸಿಕ್ಕಾಗ, ಗೂಟಕ್ಕೆ ತೂಗುಹಾಕಿದ್ದ ಅವನ ಅಂಗಿಯ ಜೇಬಿಗೆ ಇಳಿಬಿಟ್ಟಿದ್ದಳು. ಸಂಜೆ ಅವನು ಜೇಬಿಗೆ ಕೈಹಾಕಿ ನಿಂತ ನಿಲುವು, ಆಮೇಲೆ “ಕ್ಷಮಿಸೇ” ಎಂದ ದನಿ, ಎಲ್ಲವನ್ನೂ ಅವಳು ಅಂದು ಗೆದ್ದವಳ ಹಾಗೆ ಸ್ವೀಕರಿಸಿದ್ದಳು.

ಅವನು ಲಕೋಟೆಯೊಳಗೆ ಕೈ ಹಾಕಿದ. ಕೈ ಮೊಣಕೈಯವರೆಗೂ ಹೋಯಿತು. ಹೊರಗೆ ತೆಗೆದು, ಬಾಯಿ ಅಗಲಿಸಿ ಇಣುಕಿದ. ತಲೆಕೆಳಗು ಮಾಡಿ ಕೊಡವಿದ. ಕೆಂಪು ದಾರದ ಒಂದು ಎಳೆ ಮಾತ್ರ ತೇಲುತ್ತ ಬಂದು ನೆಲಕ್ಕೆ ಬಿತ್ತು. ಅವಳ ದಾರ. ಈಗ ಗೊತ್ತಾಗುತ್ತದೆ ಎಂದುಕೊಂಡಳು, ಗೊತ್ತಾಗಲಿ ಎಂದೂ ಅದೇ ಕ್ಷಣದಲ್ಲಿ ಆಸೆಪಟ್ಟಳು. ಆದರೆ ಅವನು ಆ ದಾರವನ್ನು ನೋಡಲೇ ಇಲ್ಲ. ಲಕೋಟೆಯ ಒಂದೊಂದು ಮೂಲೆಯನ್ನೂ ಹೊರಗಿನಿಂದ ಬೆರಳಲ್ಲಿ ಒತ್ತಿ ನೋಡುತ್ತಿದ್ದ, ಅಷ್ಟು ದೊಡ್ಡ ಫಿಲ್ಮು ಮೂಲೆಯಲ್ಲಿ ಅಡಗಿ ಕೂತಿರಬಹುದೇನೋ ಎಂಬಂತೆ. ಆಮೇಲೆ ಅವಳೆದುರಿನ ಕುರ್ಚಿಯ ಮೇಲೆ ನಿಧಾನವಾಗಿ ಕೂತ.

“ತೆಗೆದು ನೋಡಿ ಎಲ್ಲೋ ಇಟ್ಟಿರ್ಬೇಕು,” ಎಂದ. “ನಾನೇ. ಇನ್ಯಾರು.”

“ಹೋಗ್ಲಿ ಬಿಡಿ ರೀ.”

“ನಿನ್ನ ಹತ್ರ ಕೊಟ್ಟಿದ್ರೆ ಇರ್ತಿತ್ತು. ನಿನ್ನ ಕೈಗೆ ಹೋದದ್ದು ಯಾವತ್ತು ಕಳೆದಿದೆ ಹೇಳು? ಆ ಬುದ್ಧಿ ಯಾಕೆ ಬರ್ಲಿಲ್ವೋ ನಂಗೆ.” ಲಕೋಟೆಯನ್ನು ಮಡಿಲ ಮೇಲಿಟ್ಟುಕೊಂಡು ಅಂಗೈಯಿಂದ ಸುಕ್ಕು ಬಿಡಿಸತೊಡಗಿದ. ಅವಳು ಬಾಯಿ ತೆರೆದಳು. ಮಾತು ನಾಲಿಗೆಯ ತುದಿಗೇ ಬಂದಿತ್ತು, ಅವನಿಗೂ ಅದು ಕಂಡಿತೇನೋ, ಏನು ಎಂಬಂತೆ ತಲೆಯೆತ್ತಿದ. “ನಿಮ್ಮ ತಲೆ ಮೇಲೆ ಬಲೆ ಅಂಟ್ಕೊಂಡಿದೆ,” ಎಂದಳು ಅವಳು. ಅವನು ಕೈಯಾಡಿಸಿ ತೆಗೆದ. “ಡಾಕ್ಟರಮ್ಮನ ಹತ್ರ ನಾನೇ ಹೇಳ್ತೀನಿ,” ಎಂದ. “ನೀನು ಮಾತಾಡ್ಬೇಡ. ಬೈದ್ರೆ ನಂಗೆ ಬೈಲಿ, ನಂಗೆ ರೂಢಿ ಇದೆ.” ಆ ಮಾತನ್ನು ಅವನು ಚುಚ್ಚಲೆಂದು ಆಡಿರಲಿಲ್ಲ. ಹವಾಮಾನ ಹೇಳಿದ ಹಾಗೆ ಸುಮ್ಮನೆ ಹೇಳಿದ. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅಂದು ಮಧ್ಯಾಹ್ನ ಮೂರೂವರೆಗೆಲ್ಲ ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲಿದ್ದರು. ಟೋಕನ್ನು ಇಪ್ಪತ್ತಮೂರು, ಒಳಗಿದ್ದದ್ದು ಹದಿನೆಂಟು. ಗೋಡೆಗೆ ಸೊಂಟದವರೆಗೆ ಹಸಿರು ಬಣ್ಣ, ತಲೆ ಒರಗಿ ಒರಗಿ ಅದರ ಮೇಲ್ಗಡೆ ಸಾಲಾಗಿ ಎಣ್ಣೆಯ ಮಚ್ಚೆಗಳು. ಪಕ್ಕದಲ್ಲಿ ಕಾಲಿಗೆ ಪಟ್ಟಿ ಕಟ್ಟಿಕೊಂಡ ಲಾರಿ ಡ್ರೈವರೊಬ್ಬ ಕೂತಿದ್ದ. ಗಂಡ ಅವನ ಜೊತೆ ಆಗಲೇ ಮಾತಿಗಿಳಿದು, ಕಾಲಿಗೆ ಹೇಗಾಯಿತು ಎಂದೆಲ್ಲ ಕೇಳಿಯಾಗಿತ್ತು. ಖಾಲಿ ಲಕೋಟೆಯನ್ನೂ ತಂದಿದ್ದ, ಸಾಕ್ಷಿಗೆಂಬಂತೆ. ಅವಳು ಚೀಲದಿಂದ ಹೂವನ್ನೂ ಡಬ್ಬಿಯನ್ನೂ ತೆಗೆದಳು. ಕಾಯುವಲ್ಲೆಲ್ಲ ಹೊಲಿಯುವುದು ಅವಳ ಹಳೆಯ ಅಭ್ಯಾಸ. ಎಂಟನೆಯ ಎಸಳು ಉಳಿದಿತ್ತು. ಅದನ್ನು ಒಂದು ಕಡೆ ಏಳನೆಯದಕ್ಕೂ ಇನ್ನೊಂದು ಕಡೆ ಮೊದಲನೆಯದಕ್ಕೂ ಸೇರಿಸಿದರೆ ಸುತ್ತು ಮುಚ್ಚುತ್ತದೆ. ಗುಂಡುಸೂಜಿ ಚುಚ್ಚಿ, ಗೆರೆಗೆ ಗೆರೆ ಹೊಂದಿಸಿ, ಹೊಲಿಯತೊಡಗಿದಳು. ಹೊಲಿಗೆಗಳು ಎಂದಿಗಿಂತ ಸಣ್ಣದಾಗಿ, ಒಂದೇ ಸಮನಾಗಿ ಬರುತ್ತಿದ್ದವು. ಮನುಷ್ಯರ ಕೈಗೆ ನಾಚಿಕೆ ಇಲ್ಲವಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು. ಸುತ್ತು ಮುಚ್ಚಿ, ಮೊಣಕಾಲ ಮೇಲೆ ಹರವಿ, ಅಂಗೈಯಿಂದ ಒತ್ತಿದಳು. ಕೈ ತೆಗೆದಳು. ಹೂವು ಏಳಲಿಲ್ಲ. ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ಇದಕ್ಕಿಂತ ಒಳ್ಳೆಯ ಹೂವನ್ನು ಅವಳು ಈವರೆಗೆ ಹೊಲಿದಿರಲಿಲ್ಲ. ಆ ಅಂಗಡಿಯಾಕೆ ನೋಡಬೇಕಿತ್ತು ಎಂದು ಒಂದು ಗಳಿಗೆ ಹಿಗ್ಗಿದಳು, ಮರುಗಳಿಗೆ ಆ ಹಿಗ್ಗಿನ ಬೆಲೆ ನೆನಪಾಗಿ ಹೂವನ್ನು ಮಡಿಸಿದಳು. ಇಪ್ಪತ್ತಮೂರು ಎಂದು ಕೂಗಿದರು. ಎಲ್ಲವನ್ನೂ ಅವಸರದಲ್ಲಿ ಚೀಲಕ್ಕೆ ತುಂಬಿ ಎದ್ದಳು.

ಡಾಕ್ಟರಮ್ಮನಿಗೆ ಬೆಳಗಿನಿಂದ ಕೂತು ದಣಿವಾಗಿತ್ತು. ಲಕೋಟೆ ಕಂಡು, “ಓ, ತಂದ್ರಾ? ಕೊಡಿ,” ಎಂದು ಕೈ ಚಾಚಿದರು. ಗಂಡ ಲಕೋಟೆಯನ್ನು ಕೊಡಲಿಲ್ಲ, ಎದೆಗವಚಿಕೊಂಡೇ ನಿಂತ. “ಕವರ್ ಸಿಕ್ತು ಡಾಕ್ಟ್ರೇ. ಒಳಗಿಂದು ಸಿಗ್ಲಿಲ್ಲ. ನಾನೇ ಎಲ್ಲೋ ಕಳೆದೆ.” ಮೂಲೆಯಲ್ಲಿ ಚೀಟಿ ಬರೆಯುತ್ತಿದ್ದ ನರ್ಸು ಕಿಸಕ್ಕೆಂದಳು. ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ಏನ್ ಯಜಮಾನ್ರೇ ಇದು? ನಿಮ್ಮ ಜೀವದ ವಿಷಯ, ಒಂದು ಫಿಲ್ಮ್ ಜೋಪಾನ ಮಾಡಕ್ಕಾಗಲ್ವಾ? ಈಗ ಸುಮ್ಸುಮ್ನೆ ಸೂಜಿ ಹಾಕಿಸ್ಕೊಳ್ಳೋ ಹಾಗಾಯ್ತಲ್ಲ. ನಿಮ್ಮ ಉಸಿರಾಟಕ್ಕೆ ಅದೇನು ಸಣ್ಣ ಕೆಲಸ ಅಂದ್ಕೊಂಡ್ರಾ? ಮನೇಲಿ ಹೇಳೋರು ಯಾರೂ ಇಲ್ವಾ ಇವ್ರಿಗೆ?” ಕೊನೆಯ ಮಾತು ಅವಳ ಕಡೆಗೆ. ಗಂಡ ನಕ್ಕ. ತಲೆ ತಗ್ಗಿಸಿ, ಲಕೋಟೆಯೊಳಗೆ ನೋಡುತ್ತ, ಬಸ್ಸಿನ ಕತೆಗೆ ನಗುತ್ತಿದ್ದನಲ್ಲ, ಅದೇ ನಗು. “ಇವಳು ಹೇಳ್ತಾನೇ ಇರ್ತಾಳೆ ಪಾಪ,” ಎಂದ. “ನಂದೇ ತಲೆ ಸರಿಯಿಲ್ಲ.”

ಅವಳು ಚೀಲದೊಳಗೆ ಕೈ ಹಾಕಿದ್ದು ಯಾವಾಗ, ಡಬ್ಬಿಯ ಮುಚ್ಚಳ ತೆಗೆದದ್ದು ಯಾವಾಗ ಎಂದು ಅವಳಿಗೇ ತಿಳಿಯಲಿಲ್ಲ. ಡಬ್ಬಿ ಮೇಜಿನ ಮೇಲಿತ್ತು. ಎಸಳುಗಳನ್ನು ಒಂದೊಂದಾಗಿ ತೆಗೆದಿಟ್ಟಳು, ಎಂಟು, ಬಿಲ್ಲೆಯನ್ನಿಟ್ಟಳು. ಕೊನೆಗೆ ಎಲೆ. “ಇವ್ರು ಕಳೆದಿಲ್ಲ,” ಎಂದಳು. ದನಿ ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. “ನನ್ನ ಕೈಗೇ ಕೊಟ್ಟಿದ್ರು. ನಾನು ಕತ್ತರಿಸ್ದೆ. ಹೊಲಿಗೆ ಅಚ್ಚಿಗೆ ಅಂತ. ಆ ಕವರನ್ನ ಟ್ರಂಕಲ್ಲಿ ಇಟ್ಟಿದ್ದೂ ನಾನೇ, ಇವ್ರೇ ಕಳೆದ್ರು ಅಂತ ಆಗ್ಲಿ ಅಂತ.” ನರ್ಸು ಪೆನ್ನು ನಿಲ್ಲಿಸಿದ್ದಳು. ಡಾಕ್ಟರಮ್ಮ ಒಂದು ಎಸಳನ್ನು ಎತ್ತಿ ಕಣ್ಣಿಗೆ ಹಿಡಿದರು, ಅದರೊಳಗಿನಿಂದ ಅವರ ಕಣ್ಣು ಸ್ಪಷ್ಟವಾಗಿ ಕಂಡಿತು. ಅದನ್ನು ಇಟ್ಟು ಎಲೆಯನ್ನೆತ್ತಿ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು. ಇಡೀ ಬಿಳಿಯ ಚೌಕದ ನಡುವೆ ಬೆರಳುದ್ದದ ಕಪ್ಪು ಎಲೆ. “ಇದು ಎಡಭುಜ,” ಎಂದರು. “ನಂಗೆ ಬೇಕಾದ್ದು ಬಲಗಡೆದು.” ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು, ಅದು ಬಂದರೆ ಹಗುರಾದೀತೆಂದು ಕಾದಿದ್ದಳು. ಡಾಕ್ಟರಮ್ಮ ಅವಳ ಮುಖ ನೋಡಿದರು, ಚೀಟಿ ಎಳೆದುಕೊಂಡು ಬರೆದರು. ಸೂಜಿಗೆ ಸೋಮವಾರ ಬೆಳಿಗ್ಗೆ ಏಳಕ್ಕೆ, ಖಾಲಿ ಹೊಟ್ಟೆಯಲ್ಲಿ.

ಆಗ ಅವಳು ಗಂಡನ ಕಡೆ ತಿರುಗಿದಳು. ತಿರುಗದೆ ಬೇರೆ ದಾರಿ ಇರಲಿಲ್ಲ. ಅವನು ಬೆಳಕಿನ ಪೆಟ್ಟಿಗೆಯ ಹತ್ತಿರ ಹೋಗಿ, ಮೂಗು ತಾಗುವಷ್ಟು ಬಗ್ಗಿ, ಎಲೆಯ ತುದಿಯ ಅಂಕೆಯನ್ನು ಓದುತ್ತಿದ್ದ. “ನಾನೂರ ಹದಿನೇಳು,” ಎಂದ. “ನಂದೇ.” ತಿರುಗಿದವನ ಮುಖದಲ್ಲಿ ಸಿಟ್ಟಿರಲಿಲ್ಲ. ಅವಳು ಎಷ್ಟೋ ವರ್ಷದಿಂದ ಕಂಡಿರದ ಒಂದು ಬೆಳಕಿತ್ತು. “ಹಾಗಾದ್ರೆ ನಾನು ಕಳೆದಿಲ್ಲ,” ಎಂದ. ಡಾಕ್ಟರಮ್ಮನಿಗೆ ಹೇಳಿದ, ಆಮೇಲೆ ನರ್ಸಿಗೆ. “ನಾನು ಕಳೆದಿಲ್ಲಮ್ಮಾ ಇದನ್ನ. ಇವಳ ಹತ್ರ ಕೊಟ್ಟಿದ್ದೆ. ಜೋಪಾನವಾಗಿ ಕೊಟ್ಟಿದ್ದೆ.”

ಹೊರಗೆ ಕಾರಿಡಾರಿನಲ್ಲಿ ಲಾರಿ ಡ್ರೈವರು, “ಏನಂದ್ರು?” ಎಂದು ಕೇಳಿದ. ಗಂಡ ಅವನ ಪಕ್ಕದಲ್ಲೇ ಕೂತುಬಿಟ್ಟ. “ನಾನು ಕಳೆದಿರ್ಲಿಲ್ಲ ಕಣ್ರೀ. ಮನೇಲೇ ಇತ್ತು. ಇವಳು ಅದ್ರಲ್ಲಿ ಹೂವು ಮಾಡಿದಾಳೆ. ತೋರ್ಸೇ ಇವ್ರಿಗೆ.” ಅವಳು ನಿಂತೇ ಇದ್ದಳು. “ತೋರ್ಸೇ,” ಎಂದ ಮತ್ತೆ. ಚೀಲದಿಂದ ಹೂವನ್ನು ತೆಗೆದು ಬಿಡಿಸಿ ಹಿಡಿದಳು. ಡ್ರೈವರು ಮರ್ಯಾದೆಯಿಂದ ಬಗ್ಗಿ ನೋಡಿ, “ಬಾಳ ಚೆನ್ನಾಗಿದೆ ಅಕ್ಕಾ,” ಎಂದ. ಕೆನ್ನೆಗೆ ಹೊಡೆದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ. ಮೂವತ್ತು ವರ್ಷ ಅವಳು ತೂಗುಹಾಕಿದ್ದ ಒಂದು ಭಾರ ಅವನ ಕೊರಳಿನಿಂದ ಇಳಿದಿತ್ತು, ಅಷ್ಟೇ ಅವನಿಗೆ ಕಂಡದ್ದು. ಸೋಮವಾರ ಅವನಿಗಿನ್ನೂ ತಟ್ಟಿರಲಿಲ್ಲ.

ತಟ್ಟಿದ್ದು ಮೆಟ್ಟಿಲಿಳಿಯುವಾಗ. ಅರ್ಧದಲ್ಲಿ ನಿಂತು ಕಂಬಿ ಹಿಡಿದುಕೊಂಡ. ಉಸಿರಿಗೆಂದು ನಿಂತನೆಂದುಕೊಂಡು ಅವಳೂ ನಿಂತಳು. “ಆ ಸೂಜಿ,” ಎಂದ, ದನಿ ತಗ್ಗಿಸಿ, ಮೆಟ್ಟಿಲು ಹತ್ತಿ ಬರುತ್ತಿದ್ದವರಿಗೆ ಕೇಳಿಸದ ಹಾಗೆ. “ಬಹಳ ಉದ್ದ ಇರುತ್ತೇನೇ?” ಅವಳಿಗೆ ಗೊತ್ತಿರಲಿಲ್ಲ. ಅವನ ತೋಳು ಹಿಡಿದುಕೊಂಡಳು. ತೋಳಿನ ಮೂಳೆ ಅಂಗಿಯ ಬಟ್ಟೆಯೊಳಗೆ ಕೈಗೆ ಸಿಕ್ಕಿತು, ಇಷ್ಟು ಸಣಕಲಾಗಿದ್ದು ಯಾವಾಗ ಎಂದುಕೊಂಡಳು. ಆಮೇಲೆ ಅವನಿಗೆ ಏನೋ ನೆನಪಾಗಿ ಜೇಬಿಗೆ ಕೈಹಾಕಿದ. ಬೆಳಕಿನ ಪೆಟ್ಟಿಗೆಯಿಂದ ಆ ಎಲೆಯನ್ನು ತೆಗೆದು ತಂದಿದ್ದ. ಬೆರಳುಗಳ ನಡುವೆ ಹಿಡಿದು, ಕಿಟಕಿಯತ್ತ ಎತ್ತಿ ತನ್ನ ನಂಬರನ್ನು ಇನ್ನೊಮ್ಮೆ ನೋಡಿಕೊಂಡು, ಅವಳೆಡೆಗೆ ಚಾಚಿದ.

“ತಗೋ, ಇದು ನಿನ್ನ ಹತ್ರ ಇರಲಿ,” ಎಂದ. “ನನ್ನ ಹತ್ರ ಇದ್ರೆ ಕಳೀತೀನಿ.”

ಅವಳು ಅವನ ಮುಖ ನೋಡಿದಳು. ಅದರಲ್ಲಿ ಬೇರೆ ಏನೂ ಇರಲಿಲ್ಲ. ಚಾಚಿದ ಕೈ ಹಾಗೇ ಕಾಯುತ್ತಿತ್ತು. ಅವಳು ಎರಡೂ ಕೈಯೊಡ್ಡಿ ತೆಗೆದುಕೊಂಡಳು.